ಫ್ರಾನ್ಸಿಗೆ ಬೇಕಾಗಿದ್ದ ಅವಳಿಗಳು

ನನಗೆ ಫ್ರೆಂಚ್ ಬರುತ್ತದೆ ಎಂಬ ವಿಷಯ ಹೊಳಲ್ಕೆರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಾಗುವಂತೆ ನಾನೇ ನೋಡಿಕೊಂಡಿದ್ದೆ. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಓದುವಾಗ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೆ. ಅದರಲ್ಲಿ ಅಂಕ ಸುಲಭವಾಗಿ ಬೀಳುತ್ತದೆ ಎಂದು ಸೀನಿಯರುಗಳು ಹೇಳಿದ್ದರು. ಬಿದ್ದವು. ಮದುವೆಯಾಗಿ ಈ ಊರಿಗೆ ಬಂದು, ಇಲ್ಲಿನ ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದ ಮೇಲೆ, ಸ್ಟಾಫ್ ರೂಮಿನಲ್ಲಿ ಯಾರಾದರೂ ಸೀನಿದರೂ ನಾನು ಫ್ರೆಂಚಿನಲ್ಲಿ ಏನಾದರೊಂದು ಹೇಳುತ್ತಿದ್ದೆ. ತಪ್ಪು ಹಿಡಿಯುವವರು ಹಿರಿಯೂರಿನಿಂದ ಹೊಸದುರ್ಗದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಭಾಷೆಯೊಂದನ್ನು ಆತ್ಮವಿಶ್ವಾಸದಿಂದ ಆಡಲು ಇದಕ್ಕಿಂತ ಒಳ್ಳೆಯ ವಾತಾವರಣ ಬೇಕೆ?

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಪಕ್ಕದ ಮನೆಯ ಬಸವರಾಜಪ್ಪನವರು ಏದುಸಿರು ಬಿಡುತ್ತಾ ಬಂದರು. ಅವರು ಅಕ್ಕಿ ಗಿರಣಿಯ ಮಾಲೀಕರು, ಊರಿನ ಯುವಕ ಸಂಘದ ಅಧ್ಯಕ್ಷರು. ಯುವಕರಾಗಿದ್ದಾಗ ಅಧ್ಯಕ್ಷರಾದವರು, ಮೊಮ್ಮಕ್ಕಳಾದರೂ ಬಿಟ್ಟಿರಲಿಲ್ಲ. ಮರುದಿನ ಸಂಜೆ ಸಂಘದ ವಾರ್ಷಿಕೋತ್ಸವ. ಮುಖ್ಯ ಅತಿಥಿಯಾಗಿ ಬರಬೇಕಿದ್ದ ದೊಡ್ಡವರೊಬ್ಬರು ಬರುವುದಿಲ್ಲ ಎಂದು ಫೋನು ಮಾಡಿದ್ದರು.

"ಮೇಡಂ, ಮಾನ ಹೋಗೋ ಹೊತ್ನಲ್ಲಿ ದೇವ್ರು ಕಣ್ಬಿಟ್ಟವ್ನೆ" ಎಂದರು. "ರಾಮಗಿರಿ ಹತ್ರ ಒಂದು ಅಂಬಾಸಿಡರ್ ಕಾರಿನ ಆಕ್ಸಲ್ ಮುರ್ದೈತೆ."

ಆಕ್ಸಲ್ ಮುರಿದದ್ದರಲ್ಲಿ ದೇವರ ಕೃಪೆ ಏನಿದೆ ಎಂದು ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಾರಿನಲ್ಲಿ ಫ್ರಾನ್ಸ್ ದೇಶದ ಗಂಡ ಹೆಂಡತಿ ಇದ್ದರು. ದುರ್ಗದ ಕೋಟೆ ನೋಡಿ ಬೇಲೂರಿಗೆ ಹೊರಟವರು. ಡ್ರೈವರ್ ನಯಾಜ್ ಅವರನ್ನು ಕರೆತಂದು ನಮ್ಮೂರಿನ ಪ್ರವಾಸಿ ಬಂಗಲೆಯಲ್ಲಿ ಇಳಿಸಿ, ಬಿಡಿಭಾಗ ತರಲು ದಾವಣಗೆರೆಗೆ ಹೋಗಿದ್ದ. ಕಾರು ಸರಿಯಾಗುವವರೆಗೂ ಅವರು ನಮ್ಮೂರಿನವರೇ.

"ಅವ್ರನ್ನೇ ಮುಖ್ಯ ಅತಿಥಿ ಮಾಡಾಣ. ಅವರೂರಿನ ಇತಿಹಾಸ, ಅಲ್ಲೇನೇನು ನೋಡೋ ಅಂಥದ್ದು ಐತೆ, ಎಲ್ಲ ಹೇಳ್ಲಿ. ಅವ್ರಿಗೆ ಇಂಗ್ಲಿಷ್ ಬರಲ್ವಂತೆ. ಫ್ರೆಂಚೇ ಅಂತೆ. ನೀವಿರೋವಾಗ ಇನ್ನೇನು ಚಿಂತೆ?"

ನಾನು ತಕ್ಷಣ ಒಪ್ಪಿಕೊಂಡೆ. ನನ್ನ ಗಂಡ ತಿಪ್ಪೇಸ್ವಾಮಿ ಪಂಪ್‌ಸೆಟ್ ಅಂಗಡಿ ಇಟ್ಟವರು. ಮಾತು ಕಡಿಮೆ. ಬಸವರಾಜಪ್ಪನವರು ಹೋದ ಮೇಲೆ ಕೇಳಿದರು.

"ನಿಂಗೆ ಅವರು ಮಾತಾಡಿದ್ದು ತಿಳಿತದಾ?"

"ಫಸ್ಟ್ ಕ್ಲಾಸ್ ಬಂದಿದೆ ನಂಗೆ."

"ನಾನು ಕೇಳಿದ್ದು ಅದಲ್ಲ" ಎಂದು ಅಂಗಡಿಗೆ ಹೋದರು.

ಅತಿಥಿಗಳನ್ನು ಮಾತಾಡಿಸಲು ಆ ಸಂಜೆಯೇ ಬಂಗಲೆಗೆ ಹೋದೆ. ಗಂಡನ ಹೆಸರು ರೆಮಿ, ಹೆಂಡತಿಯ ಹೆಸರು ಸಿಮೋನ್. ಇಬ್ಬರಿಗೂ ಅರವತ್ತು ದಾಟಿತ್ತು. ರೆಮಿ ತಮ್ಮೂರಿನಲ್ಲಿ ಅಂಚೆ ಹಂಚುತ್ತಿದ್ದು ನಿವೃತ್ತರಾದವರು. ಊರಿನ ಹೆಸರು ಬ್ರೆಸಾಕ್. ಫ್ರಾನ್ಸಿನ ದಕ್ಷಿಣದಲ್ಲಿ ಗುಡ್ಡಗಳ ನಡುವೆ ಇರುವ ಸಣ್ಣ ಊರು. ಇಷ್ಟನ್ನೂ ನಾನು ಅವರ ಬಾಯಿಂದ ಕೇಳಿ ಅರ್ಥ ಮಾಡಿಕೊಂಡೆ. ಹೆಸರು, ವಯಸ್ಸು, ಕೆಲಸ, ಊರು ಎಲ್ಲವೂ ನನ್ನ ಮೊದಲ ವರ್ಷದ ಪಠ್ಯದಲ್ಲಿದ್ದ ವಿಷಯಗಳು. ಖುಷಿಯಿಂದ ಮನೆಗೆ ಬಂದೆ. ಇತಿಹಾಸ ಮೊದಲ ವರ್ಷದ ಪಠ್ಯದಲ್ಲಿ ಇರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮರುದಿನ ಹೈಸ್ಕೂಲಿನ ಸಭಾಂಗಣ ತುಂಬಿ ಕಿಟಕಿಗಳಲ್ಲೂ ಜನ. ಪರದೇಶದವರು ಮಾತಾಡುತ್ತಾರೆ ಎಂಬ ಸುದ್ದಿ ಸಿಕ್ಕಿ ಸುತ್ತಲ ಹಳ್ಳಿಗಳಿಂದಲೂ ಬಂದಿದ್ದರು. ರೆಮಿ ಅವರಿಗೆ ಮೈಸೂರು ಪೇಟ ತೊಡಿಸಿ, ನನ್ನನ್ನು "ಫ್ರೆಂಚ್ ಪಂಡಿತೆ" ಎಂದು ಪರಿಚಯಿಸಲಾಯಿತು. ಆಮೇಲೆ ರೆಮಿ ಮೈಕು ಹಿಡಿದರು.

ಬಂಗಲೆಯಲ್ಲಿ ಬಿಡಿಬಿಡಿಯಾಗಿ, ಮಗುವಿಗೆ ಉಣಿಸುವಂತೆ ಮಾತಾಡಿದ್ದ ಮನುಷ್ಯ, ಮೈಕು ಸಿಕ್ಕ ಕೂಡಲೇ ಬೇರೆಯೇ ಆದರು. ತುಂಗಭದ್ರಾ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಮಾತು ಹೊರಟಿತು. ಸ್ಟಾಪೇ ಇಲ್ಲ. ನಾನು ಕೈ ಅಡ್ಡ ಹಿಡಿದು ನಿಲ್ಲಿಸಬೇಕಾಯಿತು. ನಿಂತಾಗ ನನ್ನ ಕೈಗೆ ಸಿಕ್ಕಿದ್ದು ಎರಡೇ ಶಬ್ದ, ಗುಡ್ಡ ಮತ್ತು ಕುರಿ.

"ನಮ್ಮೂರು ಗುಡ್ಡಗಾಡು" ಎಂದೆ. "ಕುರಿಗಳು ಬಹಳ."

"ನಮ್ ಜೋಗಿಮಟ್ಟಿ ಕಡೆ ಇದ್ದಂಗೆ" ಎಂದು ಹಿಂದಿನಿಂದ ಯಾರೋ ಒಪ್ಪಿಗೆ ಕೊಟ್ಟರು. ಧೈರ್ಯ ಬಂತು.

ರೆಮಿ ಮುಂದುವರಿದರು. ಈ ಸಲ ಕೇಳಿಸಿದ್ದು "ಪೋಂ" ಎಂಬ ಶಬ್ದ. ಇಂಗ್ಲಿಷಿನ ಪಾಂಡ್ ಇರಬೇಕೆಂದು, "ಹಳೇ ಕಾಲದ ಕಲ್ಲಿನ ಹೊಂಡಗಳಿವೆ, ನಮ್ಮ ದುರ್ಗದ ಹಾಗೆಯೇ" ಎಂದೆ. ಜನ ತಲೆದೂಗಿದರು. ಅಷ್ಟರಲ್ಲಿ ರೆಮಿ ಎರಡು ಕೈ ಬಾಗಿಸಿ ಕಮಾನು ಮಾಡಿ, ಅದರ ಕೆಳಗೆ ನೀರು ಹರಿಯುವಂತೆ ಬೆರಳು ಆಡಿಸಿ, ಮೇಲೆ ಎರಡು ಬೆರಳು ನಡೆಸಿ ತೋರಿಸಿದರು. ಸೇತುವೆ! "ಹೊಂಡಗಳ ಮೇಲೆ ಸೇತುವೆಯೂ ಇದೆ" ಎಂದು ಸೇರಿಸಿದೆ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಅದರ ಮೇಲೊಂದು ಕಟ್ಟುವುದು ಸುಲಭ.

ಆ ಬಳಿಕ ಅವರು ಕೈ ಆಡಿಸಿ ಹೇಳಿದ್ದು ನನಗೆ ಚೆನ್ನಾಗಿಯೇ ತಿಳಿಯಿತು. ಊರ ನಡುವೆ ಚೌಕ, ಚೌಕದಲ್ಲಿ ಮರದ ತೊಲೆಗಳ ಮೇಲೆ ಮಾಡು ಹಾಕಿದ ಹಳೆಯ ಸಂತೆಕಟ್ಟೆ. ಹೊಳೆಯ ಪಕ್ಕದಲ್ಲಿ ಬಟ್ಟೆ ಒಗೆಯಲೆಂದೇ ಕಟ್ಟಿದ ಕಲ್ಲುತೊಟ್ಟಿ. ಅವರಜ್ಜಿಯ ಕಾಲದಲ್ಲಿ ಹೆಂಗಸರೆಲ್ಲ ಅಲ್ಲಿ ಮೊಣಕಾಲೂರಿ ಬಟ್ಟೆಯ ಜೊತೆಗೆ ಊರವರ ಮರ್ಯಾದೆಯನ್ನೂ ಒಗೆಯುತ್ತಿದ್ದರಂತೆ. ಇದನ್ನು ಅನುವಾದಿಸಿದಾಗ ಹೆಂಗಸರ ಸಾಲು ಬಿದ್ದು ಬಿದ್ದು ನಕ್ಕಿತು. ಸಿಮೋನ್ ಕೂಡ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

ಆಮೇಲೆ ಫ್ರೊಮಾಜ್ ಬಂತು. ಅಂದರೆ ಚೀಸ್. ಚೀಸ್ ಎಂದರೆ ಆಗ ನಮ್ಮೂರಿನ ಎಷ್ಟು ಜನಕ್ಕೆ ತಿಳಿಯುತ್ತಿತ್ತು? "ಕುರಿ ಹಾಲಿನ ಗಿಣ್ಣು" ಎಂದೆ. "ಬೆಟ್ಟದ ಗವಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ."

"ಕೆಡಲ್ವಾ?" ಎಂದು ಮುಂದಿನ ಸಾಲಿನ ಅಜ್ಜಿ ಕೇಳಿತು.

ರೆಮಿಯವರನ್ನು ಕೇಳಿದೆ. ಅವರು ಉತ್ಸಾಹದಿಂದ ಉತ್ತರಿಸಿದರು. ನಾನು ಅನುವಾದಿಸಿದೆ. "ಬೂಷ್ಟು ಹಿಡಿದ ಮೇಲೆಯೇ ತಿನ್ನುವುದಂತೆ. ನೀಲಿ ಬೂಷ್ಟು ಬಂದರೆ ಇನ್ನೂ ರುಚಿಯಂತೆ."

ಸಭೆಯಲ್ಲಿ ಗುಸುಗುಸು. ಬಸವರಾಜಪ್ಪನವರು ಕುರ್ಚಿಯಿಂದ ಬಾಗಿ ನನ್ನ ಕಿವಿಯಲ್ಲಿ, "ಸರಿಯಾಗಿ ಕೇಳ್ರಿ ಮೇಡಂ, ಮನೆಗೆ ಬಂದೋರ ಮೇಲೆ ಹಂಗೆಲ್ಲ ಹೇಳ್ಬಾರ್ದು" ಎಂದರು. ಅಂದಿನ ನನ್ನ ಭಾಷಣದಲ್ಲಿ ಅಕ್ಷರಶಃ ಸರಿಯಾಗಿದ್ದ ಕೆಲವೇ ವಾಕ್ಯಗಳಲ್ಲಿ ಅದೂ ಒಂದು. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ನಂತರ ರೆಮಿಯವರ ದನಿ ತಗ್ಗಿತು. ಚೌಕದಲ್ಲಿ ಒಂದು ಕಲ್ಲಿನ ಕಂಬವಿದೆ ಎಂದರು. ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರುಗಳು ಅದರ ಮೇಲಿವೆ. ಒಂದೇ ಮನೆಯವರು ಮೂವರು. ಅವರ ಅಜ್ಜನ ಹೆಸರೂ ಇದೆ. ಅಷ್ಟು ನಿಧಾನವಾಗಿ ಹೇಳಿದ್ದರಿಂದ ನನಗೆಲ್ಲ ಅರ್ಥವಾಯಿತು. ಸಭೆ ಗಂಭೀರವಾಯಿತು. ಈಗ ಊರಿನಲ್ಲಿ ಮಕ್ಕಳು ಕಡಿಮೆ, ಎಷ್ಟೋ ಮನೆಗಳಿಗೆ ಬೀಗ, ಶಾಲೆಯಲ್ಲಿ ಒಂದೇ ಕೋಣೆ ಎಂದೂ ಹೇಳಿದರು.

ಅಷ್ಟು ಹೇಳಿ ಮತ್ತೆ ವೇಗ ಹಿಡಿದರು. ಯುದ್ಧ, ಜರ್ಮನಿ, ಪ್ರತಿ ಬೇಸಿಗೆ, ಮಕ್ಕಳು, ನಮ್ಮ ಮನೆಗಳಲ್ಲಿ ಎಂಬ ಶಬ್ದಗಳು ನನ್ನ ಮುಂದೆ ಹಾರಿಹೋದವು. ಅವುಗಳ ನಡುವೆ ಮತ್ತೆ ಮತ್ತೆ "ಜ್ಯೂಮ್‌ಲಾಜ್, ಜ್ಯೂಮ್‌ಲಾಜ್" ಎಂದು ಒಂದು ಶಬ್ದ. ಎಲ್ಲೋ ಕೇಳಿದ್ದೆ. ಜ್ಯೂಮೋ ಎಂದರೆ ಅವಳಿ ಮಕ್ಕಳು ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಹಾಗಾದರೆ ಇದು ಅವಳಿಗಳಿಗೆ ಸಂಬಂಧಿಸಿದ್ದೇ ಇರಬೇಕು. ಕೊನೆಗೆ ರೆಮಿ ಸಭೆಯತ್ತ ಎರಡೂ ಕೈ ಚಾಚಿ, "ಹೊಳಲ್ಕೆರೆ ಯಾಕಾಗಬಾರದು?" ಎಂದು ಮುಗಿಸಿದರು.

ಸಾವಿರ ಕಣ್ಣು ನನ್ನ ಮೇಲೆ. ನಾನು ಸಿಕ್ಕ ಶಬ್ದಗಳನ್ನು ಮಲ್ಲಿಗೆಯಂತೆ ಪೋಣಿಸಿದೆ.

"ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಆ ಊರಿಗೆ ಅವಳಿ ಮಕ್ಕಳೆಂದರೆ ಪ್ರಾಣ. ಪ್ರತಿ ಬೇಸಿಗೆಯಲ್ಲೂ ಬೇರೆ ದೇಶಗಳಿಂದ ಅವಳಿಗಳನ್ನು ಕರೆಸಿಕೊಂಡು ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಸಾಕಿ ಕಳಿಸುತ್ತಾರೆ. ಇಲ್ಲಿಯವರೆಗೆ ಜರ್ಮನಿಯಿಂದ ಬರುತ್ತಿದ್ದರು. ಇನ್ನು ಮುಂದೆ ಹೊಳಲ್ಕೆರೆಯಿಂದ ಯಾಕೆ ಬರಬಾರದು ಎಂದು ಕೇಳುತ್ತಿದ್ದಾರೆ."

ಸಭಾಂಗಣದ ತಗಡು ಅದುರುವಂತೆ ಚಪ್ಪಾಳೆ ಬಿತ್ತು. ರೆಮಿಯವರಿಗೆ ಕಣ್ಣಲ್ಲಿ ನೀರೇ ಬಂತು. ಅವರ ಮಾತಿಗೆ ಇಂಥ ಪ್ರತಿಕ್ರಿಯೆ ಅವರ ದೇಶದಲ್ಲೇ ಸಿಕ್ಕಿರಲಾರದು.

ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬರು ತಡೆದು, "ಮೇಡಂ, ಅವಳಿ ಅಂದ್ರೆ ಎಷ್ಟು ವಯಸ್ಸಿನೋರು ಆಗ್ಬೋದು?" ಎಂದು ಕೇಳಿದರು.

"ವಯಸ್ಸಿನ ಮಾತೇನೂ ಅವರು ಎತ್ತಲಿಲ್ಲ" ಎಂದೆ. ಹೇಳದ್ದನ್ನು ಸೇರಿಸುವುದು ದುಭಾಷಿಯ ಧರ್ಮವಲ್ಲ ನೋಡಿ.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟ ತಿಪ್ಪೇಸ್ವಾಮಿ ಬಾಗಿಲು ತೆಗೆದವರು ಹಾಗೇ ಮುಚ್ಚಿಕೊಂಡು ಒಳಗೆ ಬಂದರು.

"ಒಂದಿಷ್ಟು ಹೊರಗೆ ಬಂದು ನೋಡು."

"ಏನಾಯಿತು?"

"ಎಲ್ರೂ ಎರಡೆರಡು ಕಾಣ್ತಾವ್ರೆ. ನನ್ನ ಕಣ್ಣು ಸರಿ ಐತೋ ಇಲ್ವೋ."

ಕಣ್ಣು ಸರಿಯಾಗಿಯೇ ಇತ್ತು. ಜಗಲಿಯ ಮೇಲೆ, ಮೆಟ್ಟಿಲ ಮೇಲೆ, ನಲ್ಲಿಕಟ್ಟೆಯ ಮೇಲೆ ಅವಳಿಗಳು ಕುಳಿತಿದ್ದರು. ಬಸ್‌ಸ್ಟ್ಯಾಂಡಿನ ಟೈಲರ್ ರಹಮತ್ ಸಾಹೇಬರು ಹಸನ್, ಹುಸೇನ್ ಎಂಬ ಮಕ್ಕಳಿಗೆ ಒಂದೇ ಬಟ್ಟೆಯ ಶರ್ಟು ತೊಡಿಸಿ ತಂದಿದ್ದರು. ಒಬ್ಬಾಕೆ ಇಬ್ಬರು ಹುಡುಗರನ್ನು ನಿಲ್ಲಿಸಿಕೊಂಡಿದ್ದರು. ಒಬ್ಬ ಇನ್ನೊಬ್ಬನ ಹೆಗಲಿಗೆ ಬರುತ್ತಿದ್ದ. ನಾನು ನೋಡಿದ್ದನ್ನು ನೋಡಿ ಅವರೇ, "ದೊಡ್ಡೋನಿಗೆ ಊಟ ಜಾಸ್ತಿ ಸೇರ್ತದೆ" ಎಂದರು. ಕಾಂಪೌಂಡಿನ ಮೂಲೆಯಲ್ಲಿ ಒಬ್ಬಾತ ಎರಡು ಕುರಿಮರಿ ಹಿಡಿದು ನಿಂತಿದ್ದ.

"ಇವ್ಯಾಕಪ್ಪ?"

"ಅವ್ರಿಗೆ ಕುರಿನೂ ಇಷ್ಟ ಅಂದ್ರಲ್ಲ ಮೇಡಂ. ಇವೂ ಅವಳೀನೇ."

ಜಗಲಿಯ ಎರಡು ತುದಿಯಲ್ಲಿ, ನಡುವೆ ಸಾಕಷ್ಟು ಜಾಗ ಬಿಟ್ಟು, ಒಂದೇ ಮುಖದ ಇಬ್ಬರು ಮುದುಕರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದರು. ರಾಮಪ್ಪ ಮತ್ತು ಲಕ್ಷ್ಮಣಪ್ಪ. ಬದುವಿನ ಮೇಲಿನ ಒಂದು ಬೇವಿನ ಮರ ಯಾರದೆಂದು ಜಗಳವಾಗಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಮರ ಬಿದ್ದುಹೋಗಿಯೂ ಬಹಳ ಕಾಲವಾಗಿತ್ತು.

"ಅವ್ನು ಬರ್ತಾನೆ ಅಂತ ಗೊತ್ತಿದ್ರೆ ನಾನು ಬರ್ತಿರ್ಲಿಲ್ಲ" ಎಂದರು ರಾಮಪ್ಪ, ನನಗೆ.

"ಅವ್ನು ಬರ್ದೆ ನನ್ನೊಬ್ಬನ್ನೇ ಕಳಿಸ್ತಾರಾ ಕೇಳ್ರಿ" ಎಂದರು ಲಕ್ಷ್ಮಣಪ್ಪ, ಅವರೂ ನನಗೆ.

ನನಗೆ ಗಾಬರಿ ಹತ್ತಿದ್ದು ಆಗಲೇ. ಆದರೆ ಆ ಗಾಬರಿ ಭಯವಾಗಿ ತಿರುಗಿದ್ದು ಶಾಂತಮ್ಮ ಎಂಬವಳನ್ನು ಕಂಡಾಗ. ಎಳೆಯ ತಾಯಿ. ರಾಮಗಿರಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಎರಡು ಹೆಣ್ಣು ಕೂಸುಗಳು, ಹುಟ್ಟಿ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಒಂದು ಅವಳ ಮಡಿಲಲ್ಲಿ, ಇನ್ನೊಂದು ರೇಷ್ಮೆ ಸೀರೆಯುಟ್ಟ ಅತ್ತೆಯ ಮಡಿಲಲ್ಲಿ. ಅತ್ತೆ ನೀರು ಕುಡಿಯಲು ಎದ್ದಾಗ ಅವಳು ನನ್ನ ಹತ್ತಿರ ಪಿಸುಗುಟ್ಟಿದಳು.

"ಒಂದೇ ಸಲಕ್ಕೆ ಎರಡು ಹೆಣ್ಣಾ ಅಂತ ನಮ್ಮತ್ತೆ ಮೂತಿ ತಿರುವಿದ್ರು ಮೇಡಂ. ಒಂದಿನ ಎತ್ಕಂಡಿರ್ಲಿಲ್ಲ. ನೆನ್ನೆ ಸುದ್ದಿ ಕೇಳಿದ್ರು ನೋಡ್ರಿ, ತಗೊಂಡು ತೊಡೆ ಮೇಲೆ ಹಾಕ್ಕಂಡ್ರು. ಬಸ್ಸಲ್ಲೂ ನಂಗೆ ಕೊಡ್ಲಿಲ್ಲ."

ಅಲ್ಲಿಯವರೆಗೆ ನಾನು ಹೆದರಿದ್ದು ನನ್ನ ಮರ್ಯಾದೆಗಾಗಿ ಮಾತ್ರ. ಈಗ ಒಂದು ಅನುಮಾನ ಚುಚ್ಚಿತು. ಆ ಶಬ್ದ ನಾನು ತಿಳಿದದ್ದಲ್ಲದೆ ಬೇರೆ ಏನಾದರೂ ಆಗಿದ್ದರೆ?

"ಬಂಗಲೆಗೆ ಹೋಗಿ ಅವರನ್ನು ಕರೆದುಕೊಂಡು ಬನ್ನಿ" ಎಂದು ಗಂಡನನ್ನು ಅಟ್ಟಿದೆ.

"ಏನಂತ ಕರೀಲಿ?"

"ಕೈ ಹಿಡಿದು ಎಳೆದುಕೊಂಡು ಬನ್ನಿ."

ಅದು ನನ್ನ ಇನ್ನೊಂದು ತಪ್ಪು. ರೆಮಿ, ಸಿಮೋನ್ ಬಂದವರೇ ಅಷ್ಟೊಂದು ಅವಳಿಗಳನ್ನು ಒಟ್ಟಿಗೆ ಕಂಡು ಆನಂದಭರಿತರಾದರು. ಇದು ಈ ಊರಿನ ಏನೋ ಒಂದು ಹಬ್ಬ ಎಂದುಕೊಂಡಿರಬೇಕು. ರೆಮಿ ಕ್ಯಾಮೆರಾ ತೆಗೆದು ಹಸನ್ ಹುಸೇನರ ಫೋಟೋ ತೆಗೆದರು. ಆಯ್ಕೆ ಶುರುವಾಯಿತು ಎಂದು ಜನಕ್ಕೆ ಅನ್ನಿಸಿತು. ತಾಯಂದಿರು ಪೌಡರ್ ಡಬ್ಬಿ ತೆಗೆದರು. ಹೆಗಲಿಗೆ ಬರುತ್ತಿದ್ದ ಹುಡುಗನನ್ನು ಇಟ್ಟಿಗೆಯ ಮೇಲೆ ನಿಲ್ಲಿಸಲಾಯಿತು. ಸಿಮೋನ್ ಶಾಂತಮ್ಮನ ಒಂದು ಕೂಸನ್ನು ಎತ್ತಿಕೊಂಡು ಮುತ್ತಿಟ್ಟರು. "ಅಕಾ ನೋಡ್ರಿ, ನಮ್ದು ಪಾಸಾಯ್ತು" ಎಂದು ಅತ್ತೆ ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.

ಇನ್ನು ತಡೆಯಲಾರದೆ ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದೆ. ಕೂರಿಸಿ, ನನಗೆ ಬಂದ ಫ್ರೆಂಚಿನಲ್ಲಿ ಕೇಳಿದೆ. ಬ್ರೆಸಾಕ್, ಬಹಳ ಅವಳಿ?

ರೆಮಿ ಯೋಚಿಸಿದರು. ಹೆಂಡತಿಯನ್ನು ಕೇಳಿದರು. ಕೊನೆಗೆ ಬ್ರೆಸಾಕಿನಲ್ಲಿ ಅವಳಿಗಳು ಯಾರೂ ಇಲ್ಲ, ರೊಟ್ಟಿ ಮಾಡುವವನ ಮನೆಯಲ್ಲಿ ಮೊದಲು ಇದ್ದರು ಎಂದರು.

"ಜ್ಯೂಮ್‌ಲಾಜ್?" ಎಂದೆ.

ಅವರು ಒಲೆಕಟ್ಟೆಯ ಮೇಲಿದ್ದ ಎರಡು ಸ್ಟೀಲ್ ಲೋಟ ತೆಗೆದುಕೊಂಡರು. ಒಂದನ್ನು ಮೇಜಿನ ಈ ಕಡೆ ಇಟ್ಟು "ಬ್ರೆಸಾಕ್" ಎಂದರು. ಇನ್ನೊಂದನ್ನು ಆ ಕಡೆ ಇಟ್ಟು ಜರ್ಮನಿಯ ಯಾವುದೋ ಊರಿನ ಹೆಸರು ಹೇಳಿದರು. ಎರಡನ್ನೂ ಡಿಕ್ಕಿ ಹೊಡೆಸಿ, ಯುದ್ಧ ಎಂದರು. ಆಮೇಲೆ ಮೆಲ್ಲಗೆ ಎರಡನ್ನೂ ಹತ್ತಿರ ತಂದು, ಅಂಚಿಗೆ ಅಂಚು ತಾಗಿಸಿ, "ಜ್ಯೂಮ್‌ಲಾಜ್" ಎಂದರು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿದು, ಮಕ್ಕಳು ಎಂದರು. ಹಿಂದಕ್ಕೆ ಸುರಿದು, ಮಕ್ಕಳು ಎಂದರು.

ತಿಪ್ಪೇಸ್ವಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಊರು ಊರು ಸ್ನೇಹ ಮಾಡ್ಕಳೋದು ಅಂತವ್ರೆ" ಎಂದರು. "ಅವಳಿ ಮಕ್ಕಳಲ್ಲ ಕಣೇ. ಅವಳಿ ಊರು. ಇವರ ಮಕ್ಕಳು ಅಲ್ಲಿಗೆ ಹೋಗ್ತಾವೆ, ಅವರ ಮಕ್ಕಳು ಇಲ್ಲಿಗೆ ಬರ್ತಾವೆ."

"ನಿಮಗೆ ಹೇಗೆ ತಿಳಿಯಿತು?"

"ಲೋಟ ಕಾಣಿಸ್ತಲ್ಲ."

ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಳಿತೆ. ಹೊರಗಿನಿಂದ ಪೌಡರಿನ ವಾಸನೆ ಬರುತ್ತಿತ್ತು. ಹಿತ್ತಲ ಬಾಗಿಲಿನಿಂದ ಹೊರಟು ತೌರಿಗೆ ಹೋಗುವ ಯೋಚನೆಯನ್ನು ಗಂಭೀರವಾಗಿ ಮಾಡಿದೆ. ಹಿತ್ತಲಿನಲ್ಲೂ ಒಂದು ಜೊತೆ ಅವಳಿಗಳಿದ್ದರು.

"ಹೋಗಿ ಹೇಳ್ಬಿಡು. ಬಿಸ್ಲೇರ್ತಾ ಐತೆ, ಕೂಸುಗಳವೆ" ಎಂದರು ತಿಪ್ಪೇಸ್ವಾಮಿ.

ಜಗಲಿಗೆ ಬಂದು ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ನಾನು ತಪ್ಪು ತಿಳಿದೆ, ಅವರು ಹೇಳಿದ್ದು ಅವಳಿ ಮಕ್ಕಳ ವಿಷಯವಲ್ಲ, ಅವಳಿ ಊರಿನ ವಿಷಯ, ಯಾರನ್ನೂ ಫ್ರಾನ್ಸಿಗೆ ಕರೆದುಕೊಂಡು ಹೋಗುವುದಿಲ್ಲ ಎಂದೆ.

ಒಂದು ಕುರಿಮರಿ ಒದರಿತು. ರಹಮತ್ ಸಾಹೇಬರು ಗಡ್ಡ ನೀವಿಕೊಂಡು ಕೇಳಿದರು.

"ಊರು ಹೆಂಗೆ ಅವಳಿ ಆಗ್ತದೆ ಮೇಡಂ? ತಾಯಿ ಯಾರು?"

ಶಾಂತಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. ಅವಳ ಅತ್ತೆ ಎದ್ದು ನಿಂತರು. ಸಿಮೋನ್ ಕೈಯಿಂದ ಕೂಸನ್ನು ತೆಗೆದುಕೊಂಡರು. ಈಗ ಇದನ್ನು ಸೊಸೆಯ ಮಡಿಲಿಗೆ ಎಸೆದು ಹೊರಡುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹೋಗ್ಲಿ ಬಿಡ್ರಿ" ಎಂದರು ಅತ್ತೆ, ಕೂಸಿನ ಕೆನ್ನೆಯ ಮೇಲಿನ ಪೌಡರ್ ಸೆರಗಿನಿಂದ ಒರೆಸುತ್ತಾ. "ಕಳ್ಸೋಕೆ ನಂಗೂ ಮನಸಿರ್ಲಿಲ್ಲ. ಬೂಷ್ಟು ತಿನ್ನೋ ಊರಂತೆ." ಸೊಸೆಗೆ ಹೇಳಿದರು, "ಏಳು, ಹೋಗಾಣ. ಇದ್ನ ನಾನೇ ಎತ್ಕಂತೀನಿ. ಆ ಕೂಸಿಗೆ ಬಿಸ್ಲು ಬಡೀತೈತೆ, ಸೆರಗು ಮುಚ್ಚು."

ನಾನು ಉಸಿರು ಬಿಡುವಷ್ಟರಲ್ಲಿ ಜಗಲಿಯ ತುದಿಯಿಂದ ಗದ್ದಲ ಕೇಳಿತು.

"ಫ್ರಾನ್ಸಂತೆ ಫ್ರಾನ್ಸು. ನೆನ್ನೇನೆ ಹೇಳಿದ್ನಲ್ಲ, ಇದೆಲ್ಲ ಸುಳ್ಳು ಅಂತ" ಎಂದು ರಾಮಪ್ಪ ಕೂಗಿದರು.

"ಯಾವಾಗ್ಲೇ ಹೇಳಿದ್ದೆ? ನೀನೆಲ್ಲಿ ಮಾತಾಡ್ತೀಯ ನನ್ನತ್ರ?" ಎಂದರು ಲಕ್ಷ್ಮಣಪ್ಪ.

"ನಿನ್ ಹೆಂಡ್ತಿ ಹತ್ರ ಹೇಳಿದ್ದೆ."

"ಅವ್ಳು ನಂಗೆ ಹೇಳ್ಬೇಡ್ವಾ?"

"ಅದು ನಿನ್ ಮನೆ ವಿಚಾರ."

ಇಬ್ಬರೂ ಬೈದಾಡುತ್ತಲೇ ಗೇಟು ದಾಟಿದರು. ಬೈದಾಡುತ್ತಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಮೇಲೆ ಅಲ್ಲಿದ್ದವರು ಹೇಳಿದ್ದು, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಬೈದಾಡಿದರಂತೆ. ನಡುವೆ ಒಬ್ಬರು ಇನ್ನೊಬ್ಬರಿಗೆ ಎಲೆ ಅಡಿಕೆ ಕೊಟ್ಟರಂತೆ.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ನಮ್ಮ ಬೀದಿ ದಾಟುತ್ತಿರಲಿಲ್ಲ. ಬಸವರಾಜಪ್ಪನವರು ಸಭೆಯ ರಾತ್ರಿಯೇ ಪತ್ರಿಕೆಯವರಿಗೆ ಸುದ್ದಿ ಕೊಟ್ಟಾಗಿತ್ತು. ನಾನು ತಪ್ಪೊಪ್ಪಿಕೊಂಡ ಮರುದಿನ ಅದು ಅಚ್ಚಾಗಿ ಬಂತು. ಹೊಸದುರ್ಗದಿಂದ, ಹಿರಿಯೂರಿನಿಂದ, ಭರಮಸಾಗರದಿಂದ ಬಸ್ಸುಗಳು ಅವಳಿಗಳನ್ನು ತಂದು ಇಳಿಸತೊಡಗಿದವು. ನಮ್ಮ ಮನೆಗೆ ದಾರಿ ಕೇಳುವವರೇ ಇರಲಿಲ್ಲ, ಎರಡೆರಡು ಜನ ಹೋಗುತ್ತಿದ್ದ ದಿಕ್ಕಿಗೆ ಹೋದರೆ ಸಾಕಿತ್ತು. ತಿಪ್ಪೇಸ್ವಾಮಿ ಪಂಪ್‌ಸೆಟ್ಟಿಗೆ ಬಳಿಯುವ ಹಸಿರು ಪೇಂಟಿನಲ್ಲಿ ತಗಡಿನ ಮೇಲೆ "ಅವಳಿಗಳು ಬೇಡ" ಎಂದು ಬರೆದು ಗೇಟಿಗೆ ಕಟ್ಟಿದರು. ಜನ ಅದನ್ನು ಓದಿ, ಒಳಗೆ ಬಂದು, "ಭರ್ತಿ ಆಗೋಯ್ತಾ? ಮುಂದಿನ ವರ್ಷಕ್ಕೆ ಈಗ್ಲೇ ಹೆಸ್ರು ಕೊಡ್ಬೋದಾ?" ಎಂದು ಕೇಳಿದರು. ಕೊಡುವುದಿಲ್ಲ ಎಂದರೆ, ಶಿಫಾರಸು ಬೇಕೇನೋ ಎಂದುಕೊಂಡು ಬಸವರಾಜಪ್ಪನವರ ಗಿರಣಿಗೆ ಹೋದರು.

ಗಿರಣಿಯಿಂದ ಬಸವರಾಜಪ್ಪನವರು ನೇರ ನನ್ನ ಹತ್ತಿರ ಬಂದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಅವರು ಕೇಳಿದ್ದು ನಮ್ಮೂರಿನ ಸ್ನೇಹ. ನಿಜಾನಾ?"

"ಹೌದು."

"ಹೊಳಲ್ಕೆರೆ ಯಾಕಾಗ್ಬಾರ್ದು ಅಂದ್ರಾ?"

"ಅಂದರು."

ಅವರು "ನಾವೇನೋ ಆಗ್ಲಿ ಅಂತಿದ್ವಿ ಮೇಡಂ" ಎಂದು ಎದ್ದು ಹೋದರು. ಆ ಮಾತು ಆಮೇಲೆ ಮುಂದುವರಿಯಲೇ ಇಲ್ಲ. ಮುಂದುವರಿಸಲು ಬ್ರೆಸಾಕಿಗೆ ಫ್ರೆಂಚಿನಲ್ಲಿ ಕಾಗದ ಬರೆಯಬೇಕಿತ್ತು. ಊರಿನಲ್ಲಿ ಫ್ರೆಂಚ್ ಗೊತ್ತಿದ್ದವಳು ನಾನೊಬ್ಬಳೇ. ಬರೆದುಕೊಡಿ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಕೊನೆಗೂ ಕಾರು ಸರಿಯಾಯಿತು. ಅತಿಥಿಗಳು ಹೊರಡುವ ಮೊದಲು ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದು ಕಾಫಿ ಕುಡಿದರು. ಬೀಳ್ಕೊಡಲು ಬಸವರಾಜಪ್ಪನವರು ಸಂಘದವರನ್ನೆಲ್ಲ ಸೇರಿಸಿ ಹಾರ ತಂದಿದ್ದರು. ಹಸನ್, ಹುಸೇನ್ ಕೂಡ ಬಂದಿದ್ದರು. ಅವರ ಜೊತೆ ರೆಮಿಯವರಿಗೆ ಗೆಳೆತನವಾಗಿತ್ತು. ಡ್ರೈವರ್ ನಯಾಜ್ ಬೇಲೂರಿಗೆ ಹೊತ್ತಾಗುತ್ತದೆ ಎಂದು ಹಾರ್ನ್ ಮಾಡುತ್ತಿದ್ದ. ಕಾರು ನಿಧಾನ ಹೊರಟಾಗ ಸಿಮೋನ್ ಕಿಟಕಿಯಿಂದ ಮುಖ ಹೊರಹಾಕಿ, ನಮ್ಮ ಮನೆಯತ್ತ ಕೈ ತೋರಿಸುತ್ತಾ, ಏನೋ ಜೋರಾಗಿ ಹೇಳಿದರು. ಮತ್ತೊಮ್ಮೆ ಹೇಳಿದರು. ಕಾರು ತಿರುವಿನಲ್ಲಿ ಮರೆಯಾಯಿತು.

ಎಲ್ಲರೂ ನನ್ನತ್ತ ತಿರುಗಿದರು. ಬುದ್ಧಿ ಬಂದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು ಎಂದು ನಿರ್ಧರಿಸಿದ್ದೆ.

"ನನಗೆ ಪೂರ್ತಿ ತಿಳಿಯಲಿಲ್ಲ" ಎಂದೆ. "ಮರೆಯುವುದು ಅಂತ ಒಂದು ಶಬ್ದ ಇತ್ತು. ಅಷ್ಟೇ."

"ಅಷ್ಟು ಸಾಕಲ್ಲ" ಎಂದರು ಬಸವರಾಜಪ್ಪನವರು. ಜನರತ್ತ ತಿರುಗಿ ದನಿ ಏರಿಸಿದರು. "ಹೊಳಲ್ಕೆರೆ ಜನಾನ ಸಾಯೋಗಂಟ ಮರೆಯಲ್ಲ ಅಂದ್ರು ಕಣ್ರಪ್ಪ."

ಚಪ್ಪಾಳೆ ಬಿತ್ತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಒಂದಕ್ಷರ ಫ್ರೆಂಚ್ ಬಾರದ ಮನುಷ್ಯ ಎಷ್ಟು ಚೆನ್ನಾಗಿ ಅನುವಾದಿಸಿದರು ಎಂದು ನನಗೂ ಹೊಟ್ಟೆಕಿಚ್ಚಾಯಿತು.

ಜನ ಇನ್ನೂ ಚದುರಿರಲಿಲ್ಲ, ಕಾರು ಧೂಳೆಬ್ಬಿಸಿಕೊಂಡು ವಾಪಸ್ ಬಂತು. ನಯಾಜ್ ತಲೆ ಹೊರಹಾಕಿದ.

"ಏನ್ರಿ ಮೇಡಂ, ಅಮ್ಮೋರು ಅಷ್ಟು ಬಡ್ಕಂಡ್ರೂ ಸುಮ್ನೆ ಕೈ ಬೀಸ್ತಾ ನಿಂತಿದ್ರಲ್ಲ. ಕನ್ನಡಕ ಮರೆತು ಬಂದೀನಿ ಅಂತವ್ರೆ. ನಿಮ್ ಕಿಟಕೀಲಿ ಐತಂತೆ."

"ನಿನಗೆ ಹೇಗಪ್ಪ ತಿಳೀತು?"

"ಕಣ್ಣು ಮುಟ್ಕೊಂಡು ತೋರಿಸಿದ್ರು."

ಚಪ್ಪಾಳೆ ಹೊಡೆದವರೆಲ್ಲ ಬಸವರಾಜಪ್ಪನವರನ್ನು ನೋಡಲಿಲ್ಲ. ನನ್ನನ್ನೇ ನೋಡಿದರು. ತಿಪ್ಪೇಸ್ವಾಮಿ ಒಳಗೆ ಹೋಗಿ ಕಿಟಕಿಯ ಮೇಲಿಂದ ಕನ್ನಡಕ ತಂದು, "ತಗಳ್ರಿ" ಎಂದು ಅಚ್ಚಕನ್ನಡದಲ್ಲಿ ಕೊಟ್ಟರು. ಸಿಮೋನ್ ಅದನ್ನು ಹಾಕಿಕೊಂಡು, ನಮ್ಮನ್ನೆಲ್ಲ ಒಮ್ಮೆ ನೋಡಿ ನಕ್ಕು, "ಮೆರ್ಸಿ" ಎಂದರು.

"ಏನಂದ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮೆರ್ಸಿ ಎಂದರೆ ಧನ್ಯವಾದ ಎಂಬುದು ನನಗೆ ಖಂಡಿತವಾಗಿ ಗೊತ್ತಿತ್ತು. ಆದರೂ ಈ ಸಲ ನಯಾಜನೇ ಹೇಳಲಿ ಎಂದು ಅವನ ಮುಖ ನೋಡಿದೆ.